ಎದುರು ಕುರ್ಚಿಯ ಚಿತ್ರ

2025ರ ಮಾರ್ಚ್ 15, ಶನಿವಾರ ಬೆಳಿಗ್ಗೆ 9.20ಕ್ಕೆ ಎಚ್.ಡಿ. ಕೋಟೆ ಠಾಣೆಗೆ ಇಬ್ಬರು ಬಂದರು. ಒಬ್ಬರು ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಚಿತ್ರಕಲಾ ತರಗತಿ ನಡೆಸುವ ಗೌರೀಶ್. ಇನ್ನೊಬ್ಬರು ಅವರ ವಿದ್ಯಾರ್ಥಿ ವೀರಭದ್ರಸ್ವಾಮಿ. ಅರವತ್ತು ದಾಟಿದವರು, ಬೀಚನಹಳ್ಳಿ ಅಣೆಕಟ್ಟಿನಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ತರಗತಿಯ ವರ್ಷಾಂತ್ಯದ ಸಮೂಹ ಪ್ರದರ್ಶನ ಮರುದಿನ ಉದ್ಘಾಟನೆಯಾಗಬೇಕಿತ್ತು. ಶುಕ್ರವಾರ ತೂಗುಹಾಕಿದ್ದ ವೀರಭದ್ರಸ್ವಾಮಿಯವರ ತೈಲಚಿತ್ರ ಬೆಳಿಗ್ಗೆ ಗೋಡೆಯ ಮೇಲಿರಲಿಲ್ಲ.

"ಬೆಲೆ?" ಇನ್‌ಸ್ಪೆಕ್ಟರ್ ಶಿವಶಂಕರ್ ಕೇಳಿದರು.

"ಹನ್ನೆರಡು ಸಾವಿರ ಅಂತ ಚೀಟಿ ಅಂಟಿಸಿದ್ದೆ."

"ಕೊಳ್ಳೋರು ಯಾರಾದ್ರೂ ಇದ್ರಾ?"

"ಮನೇಲಿ ಇಡೋಕೆ ಜಾಗ ಇಲ್ಲ ಅಂತ ನನ್ನ ಹೆಂಡತೀನೇ ಅಂದಿದ್ಲು," ಎಂದರು ವೀರಭದ್ರಸ್ವಾಮಿ. "ಕದಿಯೋಷ್ಟು ಚೆನ್ನಾಗಿ ಬರೆದಿದ್ದೀನಿ ಅಂತ ಇವತ್ತೇ ಗೊತ್ತಾಗಿದ್ದು ಸಾರ್."

ಎಫ್‌ಐಆರ್ ದಾಖಲಾಯಿತು. ಶಿವಶಂಕರ್ ಮಹಿಳಾ ಕಾನ್‌ಸ್ಟೆಬಲ್ ಚೈತ್ರಳೊಂದಿಗೆ, ದೂರು ಕೊಟ್ಟ ಇಬ್ಬರನ್ನೂ ಕರೆದುಕೊಂಡು ಭವನಕ್ಕೆ ಹೋದರು. ಬೀಗ ಒಡೆದಿರಲಿಲ್ಲ. ಶುಕ್ರವಾರ ಸಂಜೆ ಚಿತ್ರ ತೂಗುಹಾಕುವ ಗದ್ದಲದಲ್ಲಿ ಬಾಗಿಲು ತೆರೆದೇ ಇತ್ತು. ಬಟ್ಟೆ ಸುತ್ತಿದ ಚೌಕಟ್ಟು ಹಿಡಿದು ಓಡಾಡುವವರನ್ನು ಯಾರೂ ತಿರುಗಿ ನೋಡುವಂತಿರಲಿಲ್ಲ. ಹೇಗೆ ಹೋಯಿತು ಎಂಬುದು ಇಷ್ಟು ಸುಲಭವಾಗಿ ತಿಳಿದರೂ ಯಾಕೆ ಎಂಬುದು ತಿಳಿಯದೆ ಶಿವಶಂಕರರಿಗೆ ಸಮಾಧಾನವಾಗಲಿಲ್ಲ.

ಖಾಲಿ ಮೊಳೆಯ ಎಡಬಲಕ್ಕೆ ಐದು ಭಾವಚಿತ್ರಗಳಿದ್ದವು. ಐದರಲ್ಲೂ ಒಬ್ಬಳೇ ಹೆಂಗಸು, ಒಂದೇ ಹಸಿರು ಸೀರೆ. ಆಗಸ್ಟ್ ತಿಂಗಳಲ್ಲಿ ಆಕೆಯನ್ನು ನಡುವೆ ಕೂರಿಸಿ ಆರು ಜನ ಸುತ್ತ ಕುಳಿತು ಬರೆದದ್ದು ಎಂದು ಗೌರೀಶ್ ವಿವರಿಸಿದರು.

"ಪಕ್ಕದ್ದಕ್ಕೆ ತೇಗದ ಚೌಕಟ್ಟಿದೆ ಸಾರ್. ಕಳ್ಳ ಅದನ್ನ ಮುಟ್ಟಿಲ್ಲ," ಎಂದಳು ಚೈತ್ರ.

ಶಿವಶಂಕರ್ ಗೋಡೆಯುದ್ದಕ್ಕೂ ಎರಡು ಸಲ ನಡೆದರು. ಕೂರಲು ಕುರ್ಚಿ ಕೊಟ್ಟರೂ ಕೂರಲಿಲ್ಲ. ಆಮೇಲೆ ಸೀಮೆಸುಣ್ಣ ಕೇಳಿ ನೆಲದ ಮೇಲೆ ಒಂದು ವೃತ್ತ ಎಳೆದು, ಯಾರು ಎಲ್ಲಿ ಕುಳಿತಿದ್ದರೋ ಅಲ್ಲಿ ಅವರವರ ಚಿತ್ರವನ್ನು ಇಡಿಸಿದರು. ಹಿಂದಿನಿಂದ ಬರೆದ ಎರಡರಲ್ಲಿ ತುರುಬು ಮಾತ್ರ ಕಾಣುತ್ತಿತ್ತು. ಪಕ್ಕದಿಂದ ಬರೆದ ಎರಡರಲ್ಲಿ ಸೆರಗು ಕುತ್ತಿಗೆಯನ್ನು ಮುಚ್ಚಿತ್ತು. ಪಕ್ಕದ ಹಿಂಬದಿಯಿಂದ ಓರೆಯಾಗಿ ಬರೆದ ಐದನೆಯದರಲ್ಲಿ, ಕತ್ತಿನ ಹಿಂದೆ ಕೆಂಪು ದಾರದ ಗಂಟು. ಅದರ ತುದಿಗೆ ಕೂದಲೆಳೆಯಷ್ಟು ಚಿನ್ನದ ಬಣ್ಣ. ಆರನೆಯ ಜಾಗ ಆಕೆಯ ನೇರ ಎದುರಿಗಿತ್ತು.

"ಎದುರಿಂದ ಬರೆದೋರು ನೀವೊಬ್ರೇ. ಕುತ್ತಿಗೆಯಲ್ಲಿ ಏನಿತ್ತು?"

"ಅಡ್ಡಿಕೆ," ಎಂದರು ವೀರಭದ್ರಸ್ವಾಮಿ. "ಕತ್ತಿಗೆ ಬಿಗಿಯಾಗಿ ಕಟ್ಟೋ ಚಿನ್ನದ ಪಟ್ಟಿ. ಹಳೇ ಕಾಲದ್ದು, ಕೆಂಪು ಹರಳು. ನಡುವಿನ ಹರಳು ಉದುರಿ ಗುಳಿ ಬಿದ್ದಿತ್ತು. ಆ ಗುಳಿ ಬರೆಯೋಕೆ ಒಂದು ವಾರ ಒದ್ದಾಡಿದ್ದೀನಿ."

"ಆಕೆ ಯಾರು?"

"ಪವಿತ್ರ ಅಂತ," ಎಂದರು ಗೌರೀಶ್. "ನಾಳೆ ಉದ್ಘಾಟನೆಗೆ ಬರೋ ಪ್ರಭುಸ್ವಾಮಿಯವರ ಮನೇಲಿ ಕೆಲಸ. ಅವರ ತಾಯಿ ಪುಟ್ಟಮಲ್ಲಮ್ಮನವರನ್ನ ನೋಡ್ಕೊಳ್ತಿದ್ರು. ಅಜ್ಜಿ ನವೆಂಬರ್‌ನಲ್ಲಿ ತೀರ್ಕೊಂಡ್ರು."

"ನಿನ್ನೆ ಇಲ್ಲಿಗೆ ಬಂದಿದ್ರಾ?"

"ತನ್ನ ಚಿತ್ರ ನೋಡ್ಬೇಕು ಅಂತ ಬಂದಿದ್ರು. ಎದುರಿಗೆ ನಿಂತವರು ಕುಡಿಯೋಕೆ ನೀರು ಕೇಳಿದ್ರು."

ಜೀಪು ಹತ್ತಿದ ಮೇಲೆ ಚೈತ್ರ ಹೇಳಿದಳು: "ಅಜ್ಜಿ ಸತ್ತ ಮೇಲೆ ಆ ಮನೇಲಿ ಒಂದು ಜೊತೆ ಓಲೆ ಸಿಗಲಿಲ್ಲವಂತೆ ಸಾರ್. ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ. ಊರಲ್ಲಿ ಮಾತು ಅಷ್ಟೆ."

ಪವಿತ್ರಳ ಮನೆ ಸರಗೂರು ಬಸ್ ನಿಲ್ದಾಣದ ಹಿಂದೆ, ಒಂದೇ ಕೋಣೆ. ಪೊಲೀಸರನ್ನು ಕಂಡು ಆಕೆ ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಚಿತ್ರ ಎಲ್ಲಿದೆ?"

"ಯಾವ ಚಿತ್ರ ಸಾ?"

"ನಿಮ್ಮದೇ."

ಆಕೆ ರಾಗಿ ಮೂಟೆಯ ಹಿಂದಿನಿಂದ ಹಳೆ ಸೀರೆಯಲ್ಲಿ ಸುತ್ತಿದ್ದ ಚೌಕಟ್ಟನ್ನು ತಂದಿಟ್ಟಳು. ಚಿತ್ರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

"ಅಡ್ಡಿಕೆ ಯಾರದು?"

"ಅಮ್ಮಾವ್ರದು. ಅವ್ರೇ ಆಕಿದ್ರು ಸಾ. ಬೋಳು ಕತ್ತಲ್ಲಿ ಚಿತ್ರುಕ್ಕೆ ಕೂತ್ಕತಾರೇನೇ ಅಂದ್ಬುಟ್ಟು, ನಡುಗೋ ಕೈಲೇ ದಾರ ಕಟ್ಟುದ್ರು. ಸಾಯಂಕಾಲ ಬಂದು ಬಿಚ್ಚಿ ಬೀರುವಲ್ಲಿ ಮಡಗ್ದೆ."

"ಅವರು ಕಟ್ಟಿದ್ದನ್ನ ಬೇರೆ ಯಾರು ನೋಡಿದ್ರು?"

"ಯಾರಿದ್ರು ಸಾ ಅಲ್ಲಿ? ಅಮ್ಮಾವ್ರೊಬ್ರೇ. ಈಗ ಅವ್ರೂ ಇಲ್ವಲ್ಲ."

"ಓಲೆ?"

"ನಾ ಮುಟ್ಟಿಲ್ಲ." ಆಕೆ ಆಗ ಮಾತ್ರ ತಲೆಯೆತ್ತಿದಳು. "ಪ್ರಭಣ್ಣಾರು ಬಾಯ್ಬುಟ್ಟು ಏನೂ ಅಂದಿಲ್ಲ. ಆದ್ರೂವೆ ಆವತ್ತಿಂದ ನಾ ಮನೆಗೆ ಒರಡುವಾಗ ಎಲ್ರ ಕಣ್ಣೂ ನನ್ನ ಚೀಲದ ಮ್ಯಾಲೆ. ನಾಳೆ ಬಂದು ಇದೊಂದ ಕಂಡ್ರೆ ಇನ್ನೇನ್ ಉಳೀತದೆ ನಂಗೆ? ಓಲೇನೂ ಇವಳೇ ಕದ್ದವ್ಳೆ ಅನ್ನಾಕಿಲ್ವಾ?"

"ಸುಟ್ಟಾಕ್ಬಿಡಬಹುದಿತ್ತಲ್ಲಕ್ಕ," ಎಂದಳು ಚೈತ್ರ.

"ನನ್ ಮಖಕ್ಕೆ ನಾನೇ ಎಂಗವ್ವ ಬೆಂಕಿ ಇಕ್ಲಿ? ಅಷ್ಟು ಚಂದಾಗಿ ಬರ್ದವ್ರೆ."

ಅಕ್ಕಪಕ್ಕದ ಇಬ್ಬರನ್ನು ಪಂಚರಾಗಿ ಕರೆಸಿ, ಮೊಬೈಲಿನಲ್ಲಿ ಚಿತ್ರೀಕರಿಸುತ್ತ ಪಂಚನಾಮೆ ಶುರುವಾಯಿತು. ಹಸಿರು ಸೀರೆ ಉಟ್ಟ ಹೆಂಗಸಿನ ತೈಲಚಿತ್ರ, ಎಂದು ಬರೆಸಿ ಶಿವಶಂಕರ್ ನಿಲ್ಲಿಸಿದರು.

"ಕುತ್ತಿಗೆಯದೂ ಬರೀಬೇಕಾ ಸಾರ್?" ಚೈತ್ರ ಕೇಳಿದಳು.

ಅವರು ಬಾಗಿಲವರೆಗೆ ಹೋಗಿ ಮರಳಿದರು. ಬಿಟ್ಟರೆ ಮಾಲಿನ ಗುರುತು ಅಪೂರ್ಣ. ಬರೆದರೆ, ಆಕೆ ಮುಚ್ಚಿಡಲು ಹೊರಟದ್ದು ನ್ಯಾಯಾಲಯದ ಕಡತ ಸೇರುತ್ತದೆ.

"ಬರಿ. ಕೆಂಪು ಹರಳಿನ ಅಡ್ಡಿಕೆ. ನಡುವಿನ ಹರಳು ಇಲ್ಲ."

"ಅಮ್ಮಾವ್ರೇ ಆಕಿದ್ದು ಅಂತಾನೂ ಬರ್ಕಳಿ ಸಾ," ಎಂದಳು ಪವಿತ್ರ.

"ಅದು ನಿಮ್ಮ ಹೇಳಿಕೆಯಲ್ಲಿ ಬರ್ತದಮ್ಮ. ಇದರಲ್ಲಿ ಕಣ್ಣಿಗೆ ಕಂಡದ್ದು ಮಾತ್ರ."

ಮಧ್ಯಾಹ್ನ 3.40ಕ್ಕೆ ಆಕೆಯನ್ನು ಬಂಧಿಸಲಾಯಿತು. ಕಳ್ಳಿ ಎನ್ನಿಸಿಕೊಳ್ಳುವ ಭಯವೇ ಆಕೆಯಿಂದ ಕಳ್ಳತನ ಮಾಡಿಸಿತ್ತು. ಅದು ಆಕೆಯ ಮೊದಲ ಕಳ್ಳತನ ಎಂಬುದಕ್ಕೆ ಶಿವಶಂಕರರ ಬಳಿ ಪುರಾವೆ ಇರಲಿಲ್ಲ. ಅಲ್ಲ ಎಂಬುದಕ್ಕೂ ಇರಲಿಲ್ಲ.

ಜೀಪಿನಲ್ಲಿ ಆಕೆ ಮೆಲ್ಲಗೆ ಕೇಳಿದಳು: "ನಾಳೀಕೆ ಅದ್ನ ಗೋಡೆಗೆ ತಗಲಾಕ್ತಾರಾ ಸಾ?"

"ಇಲ್ಲ. ಕೇಸು ಮುಗಿಯೋವರೆಗೂ ಠಾಣೆಯಲ್ಲೇ ಇರ್ತದೆ."

ಆಕೆ ಸೀಟಿಗೆ ಒರಗಿ ಉಸಿರುಬಿಟ್ಟಳು. ಮುಂದಿನ ಸೀಟಿನಲ್ಲಿ ಶಿವಶಂಕರರ ಫೋನು ಹೊಡೆದುಕೊಳ್ಳತೊಡಗಿತು. ಪ್ರಭುಸ್ವಾಮಿಯವರ ಕರೆ. ಅವರು ಅದನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ಕುಳಿತರು.