ಕೂಗದ ಕೋಶಗಳು

"ಒಬ್ಬರಾದರೂ ಯಾಕೆ ಕೂಗಲಿಲ್ಲ?"

ಸೂಕ್ಷ್ಮದರ್ಶಕದ ಮೇಲೆ ಬಾಗಿದ್ದ ಡಾರ್ಕಾಳ ಬಾಯಿಂದ ಮಾತು ತಾನಾಗಿ ಜಾರಿತು. ಕೇಳಿಸಿಕೊಳ್ಳಲು ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಕಿಟಕಿಯಾಚೆ ಸಸ್ಕಾಟೂನ್ ನಗರದ ಹಿಮ ಸುಮ್ಮನೆ ಬೀಳುತ್ತಿತ್ತು.

ವೈರಸ್ ಒಳನುಗ್ಗಿದರೆ ಜೀವಕೋಶಕ್ಕೆ ಗೊತ್ತಾಗುತ್ತದೆ. ತನ್ನದಲ್ಲದ ಆನುವಂಶಿಕ ಎಳೆಯೊಂದು ತಾಕಿದೊಡನೆ ಅದು ಇಂಟರ್‌ಫೆರಾನ್ ಎಂಬ ಪ್ರೋಟೀನಿನ ಕೂಗು ಹಾಕುತ್ತದೆ. ನೆರೆಯ ಕೋಶಗಳು ಎಚ್ಚೆತ್ತು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಕೂಗಿದ ಕೋಶ ಮಾತ್ರ ಹೆಚ್ಚಾಗಿ ಉಳಿಯುವುದಿಲ್ಲ.

ಅವಳು ಬೆಳೆಸುತ್ತಿದ್ದ, ರೋಗಿಯೊಬ್ಬಳ ಶ್ವಾಸಕೋಶದ ಕೋಶಗಳೂ ವೈರಸ್ ಹಾಕಿದಾಗ ಮೊದಲು ಕೂಗುತ್ತಿದ್ದವು. ಈ ಚಳಿಗಾಲದಲ್ಲಿ ಅವು ಮೂಕವಾಗಿ ಸಾಯುತ್ತಿದ್ದವು...

"ಮತ್ತೆ ಅವುಗಳ ಹತ್ರ ಜಗಳಾನಾ?"

ಬಾಗಿಲಲ್ಲಿ ಟೋಬಿಯಸ್. ಪಕ್ಕದ ಮೇಜಿನವನು, ಕೆಲಸದ ನಡುವೆ ಚರ್ಚಿನ ಹಾಡು ಗುನುಗುವವನು. ಇಂದು ಗುನುಗು ಇರಲಿಲ್ಲ.

"ಕೋಶಗಳ ಗುರುತು ಪರೀಕ್ಷೆ ಫಲಿತಾಂಶ ಬಂತು ಡಾರ್ಕಾ. ಅವು ಶ್ವಾಸಕೋಶದವಲ್ಲ... ನಾನು ಬೆಳೆಸೋ ಕೋತಿ ಮೂತ್ರಪಿಂಡದವು."

ಅವಳು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದಳು. ಆ ಕೋತಿಯ ಕೋಶಗಳಿಗೆ ವೈರಸ್ ಬಂದದ್ದು ತಿಳಿಯುತ್ತದೆ, ಆದರೆ ಇಂಟರ್‌ಫೆರಾನ್ ಮಾಡುವ ಶಕ್ತಿಯೇ ಇಲ್ಲ! ಬೇರೆ ಕೋಶಗಳ ಪಾತ್ರೆಗೆ ಒಂದು ಹನಿ ಬಿದ್ದರೂ ಸಾಕು, ಉಳಿದವನ್ನೆಲ್ಲ ಮೀರಿ ಬೆಳೆಯುತ್ತವೆ. ಅದಕ್ಕೇ ಅಲ್ಲಿ ಕೋಶಗಳಿಗೆ ಉಣಿಸುವ ಪೋಷಕದ್ರವದ ಒಬ್ಬರ ಬಾಟಲಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ.

"ಫ್ರೀಜರಿನಲ್ಲಿಟ್ಟವು?"

"ಅವೂ."

ಕೋಶ ಕೊಟ್ಟಿದ್ದ ರೋಗಿ ತೀರಿಹೋಗಿದ್ದಳು. ಮತ್ತೆ ಕೇಳಲು ಯಾರೂ ಇಲ್ಲ. ಇನ್ನೊಮ್ಮೆ ಎಡವಿದರೆ ಇಲ್ಲಿ ಜಾಗವಿಲ್ಲ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಬೂಡ್ರೋ ಮೇಡಂ ಅವಳಿಗೆ ಆಗಲೇ ಹೇಳಿಯಾಗಿತ್ತು.

"ಎಲ್ಲಾ ನಿನ್ನಿಂದ! ಹಾಡು ಹೇಳ್ಕೊಂಡು ಮೈಮರೆಯೋ ನಿನ್ನಿಂದ!"

ಅವನು ತಲೆ ತಗ್ಗಿಸಿದ. "ಹೌದು, ನನ್ನಿಂದ್ಲೇ." ಕೋಟು ಎತ್ತಿಕೊಂಡು ಹೊರಟೇಬಿಟ್ಟ.

ಇಷ್ಟು ಬೇಗ ಒಪ್ಪಿಕೊಂಡನೇ?

ಆಗ ನೆನಪಾಯಿತು... ಶರತ್ಕಾಲದ ಆ ಮಧ್ಯಾಹ್ನ.

"ನಿಮ್ಮಜ್ಜಿ ಮಾಡ್ತಿದ್ದ ವರೆನಿಕಿ ಕಡುಬು ಮಾಡೋಕೆ ಹೋದೆ, ಎಲ್ಲಾ ನೀರಲ್ಲಿ ಬಾಯ್ಬಿಟ್ಟು ಗಂಜಿಯಾಯ್ತು!" ಎಂದು ಟೋಬಿಯಸ್ ಬಾಗಿಲಲ್ಲಿ ನಿಂತು ಗೋಳಾಡಿದ್ದ. ಅಜ್ಜಿ ತೀರಿಹೋದ ಮೇಲೆ ಅವಳು ಮೊದಲ ಬಾರಿ ನಕ್ಕಿದ್ದಳು. ಅವಳ ಪೋಷಕದ್ರವದ ಬಾಟಲಿ ಬರಿದಾಗಿತ್ತು. ನಗುತ್ತ ನಗುತ್ತ ಕೈ ಪಕ್ಕದ ಬಾಟಲಿಗೆ ಹೋಗಿತ್ತು. ಅವನ ಬಾಟಲಿಗೆ. ಅದರದ್ದನ್ನೇ ತನ್ನ ಕೋಶಗಳಿಗೆ ಹಾಕಿದ್ದಳು.

ದೇವರೇ... ನನ್ನದೇ ಕೈ!

ಅವಳು ಓಡಿದಳು. ಹೊರಬಾಗಿಲ ಬಳಿ ಸಿಕ್ಕಿದ.

"ನೀನು ನೋಡಿದ್ದೆ ಅಲ್ವಾ, ಟೋಬಿ? ಯಾಕೋ ಕೂಗ್ಲಿಲ್ಲ?"

"ಕೂಗಿದ್ರೆ ನಿನ್ನ ನಗು ನಿಂತುಹೋಗ್ತಿತ್ತು. ಒಂದು ಸಲಕ್ಕೆ ಏನಾಗುತ್ತೆ ಅಂದ್ಕೊಂಡೆ... ಗೊತ್ತಿದ್ದೂ ಬಾಯಿ ಬರ್ಲಿಲ್ಲ. ನಾನೂ ಆ ಕೋತಿ ಕೋಶಾನೇ ಬಿಡು."

ಅವಳಿಗೆ ನಗು ಬರಲಿಲ್ಲ. ಬಯ್ಯಲೂ ಆಗಲಿಲ್ಲ. ಸತ್ತ ಕೋಶಗಳನ್ನು ಇಬ್ಬರೂ ತಿರುಗಿ ತರಲಾರರು. ಅವನೇ ಮುಂದುವರಿಸಿದ.

"ನಾಳೆ ಮೇಡಂ ಹತ್ರ ತಪ್ಪು ನನ್ನದು ಅಂತೀನಿ. ನೀನು ಸುಮ್ನಿರು. ಕೂಗಿದ ಕೋಶ ಹೋದ್ರೂ ಪಕ್ಕದ್ದು ಉಳಿಯುತ್ತಲ್ಲ... ಈ ಸಲ ನಾನು ಕೂಗ್ತೀನಿ."

"ನಿನ್ನ ಕೆಲಸ ಹೋಗುತ್ತೆ ಕಣೋ! ನನಗೋಸ್ಕರ ಯಾಕೆ?"

"ಇನ್ನೂ ಗೊತ್ತಾಗ್ಲಿಲ್ವಾ? ಪ್ರೀತಿಸ್ತೀನಿ ಕಣೆ, ದಡ್ಡಿ."

ಅವಳ ಕಣ್ಣು ತುಂಬಿ ಬಂತು. ತೆರೆದಿದ್ದ ಅವನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು.

"ನಾನೂ... ಆ ಗಂಜಿಯ ದಿನದಿಂದಲೇ."

"ಹಾಗಾದ್ರೆ ನನ್ನ ಮಾತು ಕೇಳು. ನಾಳೆ ಸುಮ್ನಿರ್ತೀಯಾ?"

"ಇಲ್ಲ. ಇರಲ್ಲ."