ಮೂರನೆಯವಳು ಬೇಡ

"ಅಣ್ಣಾ, ಇದಕ್ಕೊಂಚೂರು ವೆಲ್ಡಿಂಗ್ ಮಾಡಿಕೊಡ್ತೀರಾ?" ಎನ್ನುತ್ತಾ ಬೇಕರಿಯವನು ಒವನ್ನಿನ ಬಾಗಿಲನ್ನು ನೆಲಕ್ಕಿಟ್ಟ.

ಕಿಡಿ ಹಾರುವುದು ನಿಂತಿತು. ವೆಲ್ಡರ್ ಮುಖದ ಮೇಲಿದ್ದ ಮಾಸ್ಕ್ ಎತ್ತಿದಳು. ಹಣೆಗೆ ಅಂಟಿದ ಕೂದಲು, ಮೂಗಿನ ತುದಿಗೆ ಮಸಿ, ಕಣ್ತುಂಬ ತುಂಟತನ.

"ಇಲ್ಲಿ ಅಣ್ಣ ಯಾರೂ ಇಲ್ಲ. ನಾನು ಸಾಕಾ?"

ಅವನ ಕಿವಿ ಕೆಂಪಾಯಿತು. 'ಸಾಕು' ಎನ್ನಲು ಹೋಗಿ 'ಬೇಕು' ಎಂದುಬಿಟ್ಟ.

ಆಮೇಲೆ ಅವನ ಬೇಕರಿಯಲ್ಲಿ ಕಬ್ಬಿಣದ್ದೆಲ್ಲ ಒಂದೊಂದಾಗಿ ಮುರಿಯತೊಡಗಿತು. ಟ್ರೇ, ಸ್ಟ್ಯಾಂಡು, ಕೊನೆಗೆ ಗಟ್ಟಿಮುಟ್ಟಾದ ತಳ್ಳುಗಾಡಿ.

"ಇದನ್ನ ಸುತ್ತಿಗೇಲಿ ಹೊಡೆದು ಮುರಿದಿದೀಯ," ಎಂದಳು ಅವಳು.

"ಹೂಂ. ಕೈಯೆಲ್ಲ ನೋವು."

ಅವಳು ನಕ್ಕಳು. ನಗು ಮುಗಿದರೂ ಕಣ್ಣು ಅವನನ್ನು ಬಿಟ್ಟು ಕದಲಲಿಲ್ಲ.

ಅವಳು ಅವನನ್ನು ಮನೆಗೆ ಕರೆದೊಯ್ದ ದಿನ, ಗೋಡೆಯ ಮೇಲೆ ಅವಳದೇ ಮುಖದ ಫೋಟೊ ಇತ್ತು, ಕೈಯಲ್ಲಿ ಪಿಟೀಲು.

"ಪಿಟೀಲು ಬರುತ್ತಾ ನಿಂಗೆ?"

"ಅದು ನಾನಲ್ಲ, ಅಕ್ಕ. ನಾನು ಹುಟ್ಟೋಕೆ ಮೊದಲೇ ಜ್ವರ ಬಂದು ತೀರಿಕೊಂಡಳು. ಅವಳ ಜೀವಕೋಶದಿಂದ ಲ್ಯಾಬಲ್ಲಿ ನನ್ನನ್ನ ಮಾಡಿಸಿ ಅಮ್ಮನೇ ಹೆತ್ರು. ನಾನು ಅವಳ ಕ್ಲೋನ್." ಅವಳು ಗದ್ದ ಎತ್ತಿ ನಿಂತಳು. "ಓಡಿಹೋಗೋದಾದ್ರೆ ಈಗಲೇ ಓಡು."

"ಕುರ್ಚಿ ಎಲ್ಲಿದೆ? ಕೂತ್ಕೋತೀನಿ," ಎಂದ ಅವನು.

ಅಷ್ಟರಲ್ಲಿ ಅವಳ ಅಮ್ಮ ಟೀ ತಂದರು. ಲೋಟ ಕೊಡುತ್ತಲೇ ಶುರುಮಾಡಿದರು.

"ನೋಡಪ್ಪಾ, ದೊಡ್ಡವಳೇ ತಿರುಗಿ ಬಂದಳು ಅಂದ್ಕೊಂಡಿದ್ದೆ. ಇವಳು ಪಿಟೀಲು ಮೂಲೆಗೆಸೆದು ಕಬ್ಬಿಣ ಹಿಡಿದಳು. ಈಗ ನಿನ್ನ ಜೊತೆ ಹೊರಟಿದಾಳೆ. ಹೋಗ್ಲಿ. ಲ್ಯಾಬಲ್ಲಿ ದೊಡ್ಡವಳ ಜೀವಕೋಶ ಇನ್ನೂ ಇದೆ, ಇನ್ನೊಬ್ಬಳನ್ನ ಮಾಡಿಸ್ತೀನಿ. ಅದೇ ಜೀನ್ ಇರೋರು ಬದುಕಿದ್ರೆ ಅವರ ಒಪ್ಪಿಗೆ ಬೇಕಂತೆ. ಇವಳು ಹೂಂ ಅಂದ್ರೆ ಸಾಕು."

"ಅನ್ನಲ್ಲ," ಎಂದಳು ಮಗಳು.

"ಯಾಕೆ? ನಿಂಗೇನು ನಷ್ಟ?"

"ಅಮ್ಮಾ, ಆ ಕೂಸಿನ ಕೈಗೂ ಪಿಟೀಲು ಕೊಡ್ತೀಯ. ಸ್ವರ ತಪ್ಪಿದಾಗಲೆಲ್ಲ ಈ ಫೋಟೊ ನೋಡಿ ಅಳ್ತೀಯ. ಅದನ್ನ ನೋಡ್ಕೊಂಡೇ ಬೆಳೆದವಳು ನಾನು. ಇನ್ನೊಬ್ಬಳಿಗೆ ಆ ಪಾಡು ಬೇಡ. ನೀನು ಎಷ್ಟು ಅತ್ತರೂ ಒಪ್ಪಲ್ಲ."

"ಹಾಗಾದ್ರೆ ನಿನ್ನನ್ನ ಹೆತ್ತಿದ್ದೇ ತಪ್ಪಾ?" ಎಂದರು ಅಮ್ಮ.

"ಹೆತ್ತಿದ್ದು ತಪ್ಪಲ್ಲ. ಹುಟ್ಟಿದವಳನ್ನ ನೋಡದೇ ಇದ್ದಿದ್ದು ತಪ್ಪು."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಅವಳು ಎದುರಿಗೆ ಮೊಣಕಾಲೂರಿ ಕುಳಿತು ಅವರ ಕೈ ಹಿಡಿದಳು. "ಅಕ್ಕನಿಗಾಗಿ ಅಳು. ನಾನೂ ಜೊತೆಗೆ ಅಳ್ತೀನಿ. ಆದ್ರೆ ನಾನು ಅವಳಾಗಲ್ಲ."

ಬಹಳ ಹೊತ್ತಿನ ಮೇಲೆ ಅಮ್ಮನ ಬೆರಳು ಮಗಳ ಮುಂಗೈ ಮೇಲೆ ನಿಂತಿತು.

"ಈ ಸುಟ್ಟ ಗಾಯ ಯಾವಾಗಿನದು?"

"ಹೋದ ವರ್ಷದ್ದಮ್ಮ."

"ನಂಗೆ ಹೇಳಲೇ ಇಲ್ವಲ್ಲೇ..." ಎಂದು ಅಮ್ಮ ಆ ಕಲೆಯನ್ನು ಮೆಲ್ಲಗೆ ಸವರಿದರು. ಲ್ಯಾಬಿನ ಮಾತು ಮತ್ತೆ ಎತ್ತಲಿಲ್ಲ.

ಮೆಟ್ಟಿಲಿಳಿಯುವಾಗ ಅವನು ಕೇಳಿದ: "ಮದುವೆ ಆಗೋಣ್ವಾ?"

"ಯೋಚನೆ ಮಾಡು. ಹುಟ್ಟೋ ಮಗು ಅಕ್ಕನ ಥರಾನೇ ಇದ್ರೆ?"

"ನನ್ನ ಕಿವಿ ಬಂದ್ರೆ ಏನ್ಮಾಡೋದು ಅಂತ ನಂಗೆ ಚಿಂತೆ."

ಅವಳು ಅವನ ಕಾಲರ್ ಹಿಡಿದೆಳೆದು ಅಲ್ಲೇ ಮುತ್ತಿಟ್ಟಳು. ಮೇಲೆ ಹತ್ತುತ್ತಿದ್ದ ಪಕ್ಕದ ಮನೆಯಾಕೆ ಗಕ್ಕನೆ ನಿಂತರು. "ಏನೇ ಇದು! ನಾಚಿಕೆ ಇಲ್ವಾ?"

"ಇಲ್ಲ ಆಂಟಿ," ಎಂದು ಅವಳು ಇನ್ನೊಂದು ಕೊಟ್ಟಳು.