ಧನ್ಯಾ ಕಟ್ಟಿದ ಆಕಾಶ

"ಇದು ನೋಟ್ಸಾ... ಆಕಾಶವಾ?"

ಬೆನ್ನ ಹಿಂದಿನಿಂದ ಬಂದ ಕನ್ನಡಕ್ಕೆ ಧನ್ಯಾ ಬೆಚ್ಚಿ ತಿರುಗಿದಳು. ಗ್ರೇಟರ್ ನೋಯ್ಡಾದ ಆ ಆಫೀಸಿನಲ್ಲಿ ಯಾರ ಬಾಯಲ್ಲೂ ಕೇಳದ ಭಾಷೆ! ಎದುರಿಗೆ ನಿಂತ ಎತ್ತರದ ಹುಡುಗ ಅವಳನ್ನು ನೋಡುತ್ತಲೇ ಇರಲಿಲ್ಲ. ಅವನ ಕಣ್ಣೆಲ್ಲ ಅವಳ ಕಂಪ್ಯೂಟರಿನ ಮೇಲೆ.

"ನಾನು ಕನ್ನಡ ಅಂತ ಹೇಗೆ ಗೊತ್ತಾಯ್ತು?"

"ಈಗಷ್ಟೇ ಫೋನಲ್ಲಿ ಅಪ್ಪನ ಹತ್ರ ಮಾತಾಡಿದ್ರಲ್ಲ! ನಾನು ಸುಕೇಶ್. ಇವತ್ತೇ ಸೇರಿದ್ದು."

ಅವನ ಅಪ್ಪನದು ರಾಜಧಾನಿಯ ಲಕ್ಷ್ಮೀ ನಗರದಲ್ಲಿ ಉಡುಪಿ ಹೋಟೆಲು. ಅವಳೂ ಅಲ್ಲೇ, ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು.

ಟಿಪ್ಪಣಿ ಬರೆದಿಡುವ ಒಂದು ಸಾಫ್ಟ್‌ವೇರ್‌ಗೆ ಅವರ ಕಂಪನಿ ಪ್ಲಗಿನ್, ಅಂದರೆ ಅದಕ್ಕೆ ಜೋಡಿಸುವ ಹೆಚ್ಚುವರಿ ತುಣುಕು, ತಯಾರಿಸುತ್ತಿತ್ತು. ಮೂಲ ಸಾಫ್ಟ್‌ವೇರ್‌ನಲ್ಲಿ ಟಿಪ್ಪಣಿಗಳು ಒಂದರ ಕೆಳಗೊಂದು ಸಾಲಾಗಿ ಕಾಣುತ್ತಿದ್ದವು, ಅಷ್ಟೇ. ಅವನ್ನು ಹೊಸ ರೀತಿಯಲ್ಲಿ ತೋರಿಸುವ 'ವ್ಯೂ'ಗಳನ್ನು ಕಟ್ಟುವುದು ಇವರ ಕೆಲಸ. ಧನ್ಯಾಳ ವ್ಯೂನಲ್ಲಿ ಕಡುನೀಲಿ ಪರದೆಯ ತುಂಬ ಬೆಳಕಿನ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಒಂದು ಟಿಪ್ಪಣಿ. ಒಂದಕ್ಕೊಂದು ಸಂಬಂಧವಿದ್ದವು ತೇಲುತ್ತಾ ಹತ್ತಿರ ಬರಬೇಕು... ಅದು ಅವಳ ಕನಸು.

ಅವಳು ಬಿಡಿಸಿದಳು. ಚುಕ್ಕಿಗಳು ಚಲಿಸುವಂತೆ ಅವನು ಕೋಡ್ ಬರೆದ.

"ಇನ್ನೂ ನಿಧಾನ, ಸುಕೇಶ್. ನಿದ್ದೆ ಬರೋ ಮುಂಚೆ ಯೋಚನೆಗಳು ತೇಲ್ತಾವಲ್ಲ... ವೈಸೇ, ಹಾಗೇ!"

"ಹಾಗಾದ್ರೆ ಮೊದಲು ನಂಗೆ ನಿದ್ದೆ ಬರ್ಬೇಕು ಮಾರಾಯ್ರೆ!"

ಚಳಿಗಾಲದ ಬಿಸಿಲಿನಲ್ಲಿ, ಆಫೀಸಿನ ಟೆರೇಸಿನ ಮೇಲೆ, ಚಹಾ ಕುಡಿಯುತ್ತಾ ಇಬ್ಬರೂ ಗಂಟೆಗಟ್ಟಲೆ ಚುಕ್ಕಿಗಳ ಮಾತಾಡುತ್ತಿದ್ದರು. ಮಂಜಿನಾಚೆ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದವು. 'ಇವನು ಮಾತಾಡ್ತಾನೇ ಇರಲಿ...' ಎಂದುಕೊಳ್ಳುತ್ತಿದ್ದಳು ಧನ್ಯಾ.

ಅಷ್ಟರಲ್ಲಿ ಅವಳ ಅಪ್ಪ ಏಕನಾಥರಿಗೆ ಹೃದಯದ ಆಪರೇಷನ್ ಆಯಿತು. ರಜೆ ಮುಗಿಸಿ ಬರುವ ಹೊತ್ತಿಗೆ ಪ್ಲಗಿನ್ ಬಿಡುಗಡೆಯಾಗಿತ್ತು. ತೆರೆದು ನೋಡಿದರೆ... ಆಕಾಶವೇ ಇಲ್ಲ!

"ಸುಕೇಶ್ ನೇ ಹಟಾ ದಿಯಾ," ಎಂದ ಪಕ್ಕದ ಸೀಟಿನ ಮನೋಜ್.

ಅವಳು ಥಟ್ಟನೆ ಎದ್ದಳು. ನೇರ ಸುಕೇಶ್‌ನ ಮುಂದೆ ಹೋಗಿ ನಿಂತಳು.

"ತೆಗೆದಿದ್ದು ನೀವಾ?"

"ಹೌದು, ಆದ್ರೆ ಧನ್ಯಾ..."

"ಬಸ್, ಸಾಕು! ನಾನು ಆಸ್ಪತ್ರೆಯಲ್ಲಿದ್ದಾಗ... ಒಂದು ಮಾತೂ ಹೇಳದೆ!"

ಅಂದೇ ರಾಜೀನಾಮೆ ಕೊಟ್ಟು ಹೊರಟುಬಿಟ್ಟಳು. ಅವನ ಫೋನ್ ಬಂದಾಗಲೆಲ್ಲ ಕಣ್ಣು ತುಂಬುತ್ತಿತ್ತು. ಆದರೂ ಎತ್ತಲಿಲ್ಲ.

ಮುಂದಿನ ಭಾನುವಾರ ಮನೆಯ ಬೆಲ್ ಸದ್ದಾಯಿತು. ಬಾಗಿಲಲ್ಲಿ ಸುಕೇಶ್, ಕಂಕುಳಲ್ಲಿ ಲ್ಯಾಪ್‌ಟಾಪ್. ಮಗಳ ಮುಖ ನೋಡಿ ಎಲ್ಲವನ್ನೂ ಅರ್ಥಮಾಡಿಕೊಂಡವರಂತೆ ಅಮ್ಮ ರತ್ನಪ್ರಭಾ, "ಒಳಗೆ ಬಾಪ್ಪ, ಕಾಫಿ ತರ್ತೀನಿ," ಎಂದು ಅಡುಗೆಮನೆಗೆ ಹೋದರು.

ಅವನು ಕೂರಲೂ ಇಲ್ಲ.

"ಎರಡು ಚುಕ್ಕಿ ಒಂದರ ಮೇಲೊಂದು ಬಂದ್ರೆ ಒಂದು ಟಿಪ್ಪಣಿ ಅಳಿಸಿಯೇ ಹೋಗ್ತಿತ್ತು. ಬಿಡುಗಡೆಯ ಹಿಂದಿನ ದಿನ ಗೊತ್ತಾಯ್ತು. ತಪ್ಪು ನನ್ನ ಕೋಡಿನದ್ದೇ. ಜನ ಬೈಯೋದು ಮಾತ್ರ ನಿಮ್ಮ ಆಕಾಶವನ್ನ! ಅದಕ್ಕೇ ತೆಗೆದೆ."

"ನಂಗೆ ಹೇಳ್ಬೇಕಿತ್ತು..."

"ಆಪರೇಷನ್ ಥಿಯೇಟರ್ ಹೊರಗೆ ಕೂತವರಿಗೆ ಹೇಗೆ ಹೇಳ್ಲಿ? ಆಮೇಲಾದ್ರೂ ಹೇಳ್ಬೇಕಿತ್ತು, ನಿಜ. ಸರಿ ಮಾಡಿಯೇ ತೋರಿಸ್ತೇನೆ ಅಂತ ಹಟ ಹಿಡಿದೆ. ಅದು ನನ್ನದೇ ತಪ್ಪು."

ಲ್ಯಾಪ್‌ಟಾಪ್ ತೆರೆದ. ಚುಕ್ಕಿಗಳು ಮೆಲ್ಲನೆ ತೇಲಿಬಂದವು. ಹತ್ತಿರವಾದವು. ಒಂದೂ ಅಳಿಯಲಿಲ್ಲ.

ಧನ್ಯಾ ಪರದೆಯತ್ತ ಬಾಗಿದಳು. 'ಒಂದು ನಿಮಿಷ ನಿಂತು ಕೇಳಿದ್ದರೆ...!'

"ಸಾರಿ, ಸುಕೇಶ್. ನಾನು ಮಾತಾಡೋಕೆ ಬಿಡಲೇ ಇಲ್ಲ."

"ನಿಮ್ಮ ರಾಜೀನಾಮೆ ಇನ್ನೂ ಮ್ಯಾನೇಜರ್ ಮೇಜಿನ ಮೇಲೇ ಇದೆ. ವಾಪಸ್ ಬರ್ತೀರಾ?"

"ಆಫೀಸಿಗಾ?"

ಅವನ ಕಿವಿ ಕೆಂಪಾಯಿತು. "ಆಫೀಸಿಗೂ... ನನ್ನ ಮನೆಗೂ. ನೀವಿಲ್ಲದೆ ಆ ಟೆರೇಸಿಗೆ ಹೋಗೋಕೇ ಆಗ್ತಿಲ್ಲ ಧನ್ಯಾ. ನೀವಂದ್ರೆ ನಂಗೆ ತುಂಬಾ ಇಷ್ಟ."

ಅಳುತ್ತಲೇ ನಕ್ಕಳು ಅವಳು.

"ಇಷ್ಟ ಅಂತೀರಾ, ಮತ್ತೆ ನೀವು ನೀವು ಅಂತೀರಾ?"

ಅವನು ಅಡುಗೆಮನೆಯತ್ತ ಒಮ್ಮೆ ನೋಡಿ ದನಿ ತಗ್ಗಿಸಿದ.

"ಬರ್ತೀಯಾ?"

"ಹೂಂ... ನೀನು ಕರೆದ್ರೆ ಬರ್ತೀನಿ."